ಯುದ್ಧ ಬಂದರೆ ಅಮೆರಿಕದ ಅಧ್ಯಕ್ಷರು ಯಾರನ್ನು ಬೇಕಾದರೂ ಹಿಡಿದು ಕೂಡಿಹಾಕಬಹುದಾ?

ಪ್ರಶ್ನೆ: ನನ್ನ ಮಗಳು, ಅಳಿಯ ಹನ್ನೊಂದು ವರ್ಷದಿಂದ ನ್ಯೂಜೆರ್ಸಿಯಲ್ಲಿದ್ದಾರೆ. ಇಬ್ಬರೂ ವೀಸಾ ಮೇಲೆ ಕೆಲಸ ಮಾಡುತ್ತಿದ್ದಾರೆ, ಪೌರತ್ವ ಇಲ್ಲ. ಮೊಮ್ಮಗ ಅಲ್ಲೇ ಹುಟ್ಟಿದವನು, ಹಾಗಾಗಿ ಅಮೆರಿಕದ ಪ್ರಜೆ. ಯುದ್ಧ ಶುರುವಾದರೆ ಅಲ್ಲಿನ ಅಧ್ಯಕ್ಷರು ಯಾರನ್ನು ಬೇಕಾದರೂ ಹಿಡಿದು ಹಾಕಬಹುದು, ಕೋರ್ಟೂ ಕೇಳುವ ಹಾಗಿಲ್ಲ ಅಂತ ವಾಕಿಂಗ್ ಗೆಳೆಯರೊಬ್ಬರು ಹೇಳಿದರು. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಇದು ನಿಜವಾ? ಮೊಮ್ಮಗನ ಪೌರತ್ವದ ಕಾಗದ ಅಂಥ ಹೊತ್ತಿನಲ್ಲಿ ಉಪಯೋಗಕ್ಕೆ ಬರುತ್ತಾ? (ಹಾಸನದ ಓದುಗರು)

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ಕಾನೂನಿನ ಪ್ರಕಾರ ಸುಳ್ಳು. ಆದರೆ ಅಂಥದ್ದು ಒಮ್ಮೆ ನಡೆದುಹೋಗಿದೆ. ಹಾಗಾಗಿ ಅವರ ಮಾತನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. 1942ರಲ್ಲಿ ಅಮೆರಿಕ ಸುಮಾರು 1.2 ಲಕ್ಷ ಜನರನ್ನು ಮನೆಯಿಂದ ಎಬ್ಬಿಸಿ ಮುಳ್ಳುತಂತಿಯ ಬೇಲಿಯೊಳಗೆ ಕೂಡಿಹಾಕಿತು. ಅವರಲ್ಲಿ ಮೂರನೇ ಎರಡರಷ್ಟು ಮಂದಿ ನಿಮ್ಮ ಮೊಮ್ಮಗನ ಹಾಗೆ ಅಲ್ಲೇ ಹುಟ್ಟಿದ ಪ್ರಜೆಗಳು. ಕಾಗದ ಅವರ ಹತ್ತಿರವೂ ಇತ್ತು.

ಆ ಕಥೆಗೆ ಬರುವ ಮುಂಚೆ ಅಧಿಕಾರ ಯಾರ ಕೈಯಲ್ಲಿದೆ ಅಂತ ನೋಡಿಬಿಡೋಣ.

ಅಮೆರಿಕದ ಸಂವಿಧಾನ ಯುದ್ಧದ ಅಧಿಕಾರವನ್ನು ಎರಡು ಪಾಲು ಮಾಡಿದೆ. ಯುದ್ಧ ಘೋಷಿಸುವುದು, ಸೈನ್ಯಕ್ಕೆ ಹಣ ಕೊಡುವುದು ಅಲ್ಲಿನ ಸಂಸತ್ತಾದ ಕಾಂಗ್ರೆಸ್‌ನ ಕೆಲಸ. ಸೈನ್ಯವನ್ನು ನಡೆಸುವುದು ಅಧ್ಯಕ್ಷರ ಕೆಲಸ, ಅವರೇ ಮಹಾದಂಡನಾಯಕರು. ಕಾಗದದ ಮೇಲೆ ಇದು ಸ್ಪಷ್ಟ. ಆದರೆ ಕಾಂಗ್ರೆಸ್ ಕೊನೆಯ ಸಲ ವಿಧಿವತ್ತಾಗಿ ಯುದ್ಧ ಘೋಷಿಸಿದ್ದು 1942ರ ಜೂನ್‌ನಲ್ಲಿ, ಬಲ್ಗೇರಿಯಾ, ಹಂಗೇರಿ, ರೊಮೇನಿಯಾ ಮೇಲೆ. ಕೊರಿಯಾ, ವಿಯೆಟ್ನಾಂ, ಇರಾಕ್, ಅಫ್ಘಾನಿಸ್ತಾನ ಯಾವುದಕ್ಕೂ ಅಂಥ ಘೋಷಣೆ ಇಲ್ಲ. ಕೆಲವಕ್ಕೆ ಕಾಂಗ್ರೆಸ್ ಬೇರೆ ರೀತಿಯ ಒಪ್ಪಿಗೆ ಕೊಟ್ಟಿತು. ಕೊರಿಯಾಕ್ಕೆ ಅದೂ ಇರಲಿಲ್ಲ. ವಿಯೆಟ್ನಾಂನಲ್ಲಿ ಕೈಸುಟ್ಟುಕೊಂಡ ಮೇಲೆ, 1973ರಲ್ಲಿ, ಅಧ್ಯಕ್ಷ ನಿಕ್ಸನ್ ಅವರ ವೀಟೋವನ್ನೂ ಮೀರಿ ಕಾಂಗ್ರೆಸ್ ಒಂದು ಕಾನೂನು ತಂದಿತು. ಸೈನ್ಯ ಕಳುಹಿಸಿದರೆ 48 ಗಂಟೆಯೊಳಗೆ ಅಧ್ಯಕ್ಷರು ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನದಲ್ಲಿ ಹೋರಾಟ ನಿಲ್ಲಿಸಬೇಕು. ಆಮೇಲೆ ಬಂದ ಅಧ್ಯಕ್ಷರು, ಯಾವ ಪಕ್ಷದವರೇ ಆಗಲಿ, ಇದಕ್ಕೆ ಪೂರ್ತಿ ತಲೆಬಾಗಿಲ್ಲ.

ನಿಮಗೆ ಇದು ಯಾಕೆ ಮುಖ್ಯ ಅಂದರೆ, ಈಗ ಯುದ್ಧ ಶುರುವಾಯಿತು ಅಂತ ಯಾರೂ ಗಂಟೆ ಬಾರಿಸುವುದಿಲ್ಲ. ಮುಗಿಯಿತು ಅಂತಲೂ ಬಾರಿಸುವುದಿಲ್ಲ. 'ಯುದ್ಧಕಾಲದ ಅಧಿಕಾರ' ಎಲ್ಲಿಂದ ಎಲ್ಲಿಯವರೆಗೆ ಎಂಬುದೇ ದೊಡ್ಡ ಜಗಳ.

ಇನ್ನೊಂದು ವಿಷಯ. ನಮ್ಮ ಸಂವಿಧಾನದ 352ನೇ ವಿಧಿಯ ಹಾಗೆ ತುರ್ತುಪರಿಸ್ಥಿತಿಗೆಂದೇ ಒಂದು ಅಧ್ಯಾಯ ಅಲ್ಲಿ ಇಲ್ಲ. ಯುದ್ಧ ಬಂದರೆ ಹಕ್ಕುಗಳೆಲ್ಲ ಅಮಾನತು ಅಂತ ಎಲ್ಲೂ ಬರೆದಿಲ್ಲ. ಇರುವುದು ಒಂದೇ ಒಂದು ಸಾಲು: ದಂಗೆ ಅಥವಾ ದಾಳಿಯ ಹೊತ್ತಿನಲ್ಲಿ ಸಾರ್ವಜನಿಕ ಸುರಕ್ಷತೆಗೆ ಬೇಕೇ ಬೇಕು ಅಂದರೆ ಮಾತ್ರ ಹೇಬಿಯಸ್ ಕಾರ್ಪಸ್ ತಡೆಹಿಡಿಯಬಹುದು.

ಹೇಬಿಯಸ್ ಕಾರ್ಪಸ್ ಅಂದರೆ ಏನು? ಹೆಸರು ಲ್ಯಾಟಿನ್, ವಿಷಯ ಬಹಳ ಸರಳ. ನಿಮ್ಮ ಮನೆಯವರನ್ನು ಪೊಲೀಸರೋ ಸೈನಿಕರೋ ಎತ್ತಿಕೊಂಡು ಹೋದರು ಅಂತಿಟ್ಟುಕೊಳ್ಳಿ. ನೀವು ಜಡ್ಜ್ ಹತ್ತಿರ ಹೋಗಿ, 'ನಮ್ಮವರನ್ನು ಹಿಡಿದಿಟ್ಟಿದ್ದಾರೆ, ಯಾಕೆ ಅಂತ ಕೇಳಿ' ಅನ್ನುತ್ತೀರಿ. ಜಡ್ಜ್ ಹಿಡಿದಿಟ್ಟವರಿಗೆ, 'ಆ ಮನುಷ್ಯನನ್ನು ಕರೆತಂದು ನನ್ನೆದುರು ನಿಲ್ಲಿಸಿ, ಯಾವ ಕಾನೂನಿನ ಕೆಳಗೆ ಹಿಡಿದಿರಿ ಹೇಳಿ' ಅಂತ ಆದೇಶ ಕೊಡುತ್ತಾರೆ. ಅಷ್ಟೇ. ಮಾತಾಡುವ ಹಕ್ಕು, ಓಡಾಡುವ ಹಕ್ಕು ಎಲ್ಲವೂ ಈ ಒಂದು ಪ್ರಶ್ನೆಯ ಮೇಲೆ ನಿಂತಿವೆ. ಯಾಕೆ ಹಿಡಿದಿರಿ ಅಂತ ಕೇಳುವ ಹಾಗೇ ಇಲ್ಲದಿದ್ದರೆ ಉಳಿದ ಹಕ್ಕುಗಳನ್ನು ಇಟ್ಟುಕೊಂಡು ಏನು ಮಾಡುವುದು?

ಈ ಸಾಲಿನ ಮೇಲೆ ಮೊದಲು ಕೈಯಿಟ್ಟವರು ಲಿಂಕನ್. ನಾವೆಲ್ಲ ಪ್ರೀತಿಸುವ ಅದೇ ಲಿಂಕನ್. 1861ರ ಏಪ್ರಿಲ್. ದಕ್ಷಿಣದ ರಾಜ್ಯಗಳು ದೇಶದಿಂದ ಸಿಡಿದು ಹೋಗಿ ಅಂತರ್ಯುದ್ಧ ಶುರುವಾಗಿತ್ತು. ರಾಜಧಾನಿ ವಾಷಿಂಗ್ಟನ್‌ಗೆ ಸೈನ್ಯ ಬರಬೇಕಾದರೆ ಮೇರಿಲ್ಯಾಂಡ್ ದಾಟಿಯೇ ಬರಬೇಕು, ಅಲ್ಲಿ ರೈಲು ಸೇತುವೆಗಳನ್ನು ಸುಡುತ್ತಿದ್ದರು. ಕಾಂಗ್ರೆಸ್ ಅಧಿವೇಶನದಲ್ಲಿ ಇರಲಿಲ್ಲ. ಫಿಲಡೆಲ್ಫಿಯಾದಿಂದ ವಾಷಿಂಗ್ಟನ್‌ವರೆಗಿನ ದಾರಿಯುದ್ದಕ್ಕೂ ಹೇಬಿಯಸ್ ಕಾರ್ಪಸ್ ತಡೆಹಿಡಿಯಬಹುದು ಅಂತ ಲಿಂಕನ್ ತಮ್ಮ ಸೇನಾಪತಿಗೆ ಅಧಿಕಾರ ಕೊಟ್ಟರು.

ಮೇ 25ರ ನಡುರಾತ್ರಿ ಕಳೆದ ಮೇಲೆ ಜಾನ್ ಮೆರಿಮನ್ ಎಂಬ ಜಮೀನ್ದಾರನನ್ನು ಮನೆಯಿಂದ ಎತ್ತಿಕೊಂಡು ಹೋಗಿ ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಕೋಟೆಯಲ್ಲಿ ಇಟ್ಟರು. ಮುಖ್ಯ ನ್ಯಾಯಮೂರ್ತಿ ರೋಜರ್ ಟೇನಿ, ಅವನನ್ನು ಕರೆತನ್ನಿ ಅಂದರು. ಸೇನಾಧಿಕಾರಿ ಕರೆತರಲಿಲ್ಲ. ಆ ಅಧಿಕಾರಿಯನ್ನೇ ಕರೆತನ್ನಿ ಅಂತ ಟೇನಿ, ಕೋರ್ಟಿನ ಆದೇಶ ಜಾರಿ ಮಾಡುವ ಮಾರ್ಷಲ್‌ನನ್ನು ಕಳುಹಿಸಿದರು. ಮಾರ್ಷಲ್‌ನನ್ನು ಕೋಟೆಯ ಹೊರಬಾಗಿಲಲ್ಲೇ ತಡೆದರು, ಅವನು ಬರಿಗೈಯಲ್ಲಿ ವಾಪಸ್ ಬಂದ. ಟೇನಿ ಕೂತು ತೀರ್ಪು ಬರೆದರು: ಹೇಬಿಯಸ್ ಕಾರ್ಪಸ್ ತಡೆಹಿಡಿಯುವ ಮಾತು ಸಂವಿಧಾನದಲ್ಲಿ ಕಾಂಗ್ರೆಸ್‌ನ ಭಾಗದಲ್ಲಿದೆ, ಅಧ್ಯಕ್ಷರ ಭಾಗದಲ್ಲಿಲ್ಲ. ಲಿಂಕನ್ ಜುಲೈ 4ರಂದು ಕಾಂಗ್ರೆಸ್‌ಗೆ ಕಳುಹಿಸಿದ ಸಂದೇಶದಲ್ಲಿ ತಿರುಗಿ ಕೇಳಿದರು: ಒಂದು ಕಾನೂನು ಮುರಿಯಬಾರದು ಅಂತ ಉಳಿದ ಎಲ್ಲ ಕಾನೂನೂ ಮುರಿದುಬಿದ್ದು ಸರ್ಕಾರವೇ ಚೂರುಚೂರಾಗಲಿ ಅನ್ನೋಣವೇ?

ಅದು ಸಣ್ಣ ಪ್ರಶ್ನೆ ಅಲ್ಲ. ವರ್ಷಗಟ್ಟಲೆ ಕ್ಲಾಸಿನಲ್ಲಿ ಇದನ್ನು ಪಾಠ ಮಾಡಿದ್ದೇನೆ. ಪ್ರತಿ ಸಲ ಮಕ್ಕಳು ಎರಡು ಗುಂಪಾಗುತ್ತಿದ್ದರು. ನನ್ನ ಅಭಿಪ್ರಾಯ ಕೇಳಿದರೆ, ಮೊದಲ ಕೆಲವು ವಾರ ಲಿಂಕನ್‌ಗೆ ಬೇರೆ ದಾರಿ ಇರಲಿಲ್ಲ. ಆದರೆ ಅವರ ಅಧಿಕಾರಿಗಳು ಅಷ್ಟಕ್ಕೇ ನಿಲ್ಲಲಿಲ್ಲ. ಯುದ್ಧಭೂಮಿಯಿಂದ ದೂರ ಇದ್ದ ಊರುಗಳಲ್ಲಿ ಪತ್ರಿಕೆಯವರನ್ನೂ ರಾಜಕಾರಣಿಗಳನ್ನೂ ಹಿಡಿದರು. ಇಂಡಿಯಾನಾದಲ್ಲಿ ಲ್ಯಾಂಬ್ಡಿನ್ ಮಿಲಿಗನ್ ಎಂಬ ವಕೀಲನಿಗೆ ಮಿಲಿಟರಿ ನ್ಯಾಯಮಂಡಳಿ ಗಲ್ಲು ಶಿಕ್ಷೆ ಹಾಕಿತು. ಅವನ ಊರಿನಲ್ಲಿ ಸಾಮಾನ್ಯ ಕೋರ್ಟ್ ತೆರೆದೇ ಇತ್ತು, ಕೇಸುಗಳು ನಡೆಯುತ್ತಲೇ ಇದ್ದವು. ಸಾಮಾನ್ಯ ಕೋರ್ಟ್ ತೆರೆದಿರುವ ಕಡೆ ನಾಗರಿಕನನ್ನು ಮಿಲಿಟರಿ ಕೋರ್ಟಿಗೆ ಎಳೆಯುವ ಹಾಗಿಲ್ಲ, ಸಂವಿಧಾನ ಯುದ್ಧಕ್ಕೂ ಶಾಂತಿಗೂ ಒಂದೇ ಅಂತ ಸುಪ್ರೀಂ ಕೋರ್ಟ್ ಹೇಳಿತು. ಚಿನ್ನದಂಥ ತೀರ್ಪು. ಬಂದಿದ್ದು 1866ರಲ್ಲಿ, ಯುದ್ಧ ಮುಗಿದ ಮೇಲೆ, ಲಿಂಕನ್ ತೀರಿಕೊಂಡ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈ ತಡ ಮುಂದೆಯೂ ಮತ್ತೆ ಮತ್ತೆ ಕಾಣುತ್ತದೆ.

ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಬಾಯಿಗೇ ಬೀಗ ಬಿತ್ತು. 1917ರ ಬೇಹುಗಾರಿಕೆ ಕಾಯ್ದೆ ಗೂಢಚಾರರಿಗಿಂತ ಜಾಸ್ತಿ ಬಿಗಿದದ್ದು ಯುದ್ಧ ಬೇಡ ಅಂದವರನ್ನು. ಸಮಾಜವಾದಿ ನಾಯಕ ಯೂಜೀನ್ ಡೆಬ್ಸ್ 1918ರ ಜೂನ್‌ನಲ್ಲಿ ಓಹಾಯೋದ ಕ್ಯಾಂಟನ್‌ನಲ್ಲಿ ಒಂದು ಭಾಷಣ ಮಾಡಿದರು, ಅದಕ್ಕೆ 10 ವರ್ಷ ಜೈಲು. ಸುಪ್ರೀಂ ಕೋರ್ಟ್ ಎಲ್ಲ ನ್ಯಾಯಮೂರ್ತಿಗಳ ಒಮ್ಮತದಿಂದ ಅದನ್ನು ಎತ್ತಿಹಿಡಿಯಿತು. ಜೈಲಿನಿಂದಲೇ 1920ರ ಅಧ್ಯಕ್ಷ ಚುನಾವಣೆಗೆ ನಿಂತು 9 ಲಕ್ಷಕ್ಕೂ ಜಾಸ್ತಿ ಮತ ಪಡೆದರು. ಅಧ್ಯಕ್ಷ ವಿಲ್ಸನ್ ಬಿಡಲಿಲ್ಲ. ನಂತರ ಬಂದ ಹಾರ್ಡಿಂಗ್ 1921ರ ಕ್ರಿಸ್‌ಮಸ್‌ಗೆ ಬಿಡುಗಡೆ ಮಾಡಿದರು. ಇವತ್ತು ಅಂಥ ಭಾಷಣಕ್ಕೆ ಪ್ರಜೆಯೊಬ್ಬನನ್ನು ಜೈಲಿಗೆ ಹಾಕಲಾಗದು, 1969ರ ತೀರ್ಪೊಂದು ಆ ಬಾಗಿಲು ಮುಚ್ಚಿದೆ.

ಈಗ 1942.

1941ರ ಡಿಸೆಂಬರ್ 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ 9066 ನಂಬರಿನ ಆದೇಶಕ್ಕೆ ಸಹಿ ಹಾಕಿದರು. ಅದನ್ನು ಓದಿದರೆ ಜಪಾನ್ ಎಂಬ ಪದವೇ ಸಿಗುವುದಿಲ್ಲ. ಸೇನಾ ಪ್ರದೇಶಗಳನ್ನು ಗುರುತಿಸಿ, ಅಲ್ಲಿಂದ 'ಯಾರನ್ನು ಬೇಕಾದರೂ' ಹೊರಗಿಡಬಹುದು ಅಂತ ಮಾತ್ರ ಇದೆ. ಯಾರನ್ನು ಎಂಬುದನ್ನು ಪಶ್ಚಿಮ ಕರಾವಳಿಯ ಸೇನಾಪತಿ ಜಾನ್ ಡೆವಿಟ್ ತೀರ್ಮಾನಿಸಿದರು. ಜಪಾನಿ ರಕ್ತದವರು ಎಲ್ಲರೂ. ಮುದುಕರು, ಹಸುಗೂಸುಗಳು, ಅನಾಥಾಲಯದ ಮಕ್ಕಳು ಸೇರಿ. ಮುಂದಿನ ತಿಂಗಳೇ ಕಾಂಗ್ರೆಸ್, ಆದೇಶ ಮೀರಿದರೆ ಶಿಕ್ಷೆ ಅಂತ ಕಾನೂನು ಮಾಡಿಕೊಟ್ಟಿತು. ಅಂದರೆ ಅಧ್ಯಕ್ಷರು ಒಬ್ಬರೇ ಮಾಡಿದ ಕೆಲಸ ಇದಲ್ಲ. ಕಾಂಗ್ರೆಸ್ ಕೈಜೋಡಿಸಿತು, ಕೋರ್ಟ್ ಆಮೇಲೆ ಒಪ್ಪಿತು.

ಕಂಬಗಳಿಗೆ ನೋಟಿಸ್ ಅಂಟಿಸಿದರು. ಕೈಯಲ್ಲಿ ಹೊರಲು ಆಗುವಷ್ಟು ಸಾಮಾನು ಮಾತ್ರ ತರಬೇಕು. ಮನೆಗೊಂದು ನಂಬರ್, ಆ ನಂಬರಿನ ಚೀಟಿ ಪ್ರತಿ ಮಗುವಿನ ಕೋಟಿಗೂ ಪೆಟ್ಟಿಗೆಗೂ. ಕ್ಯಾಂಪ್‌ಗಳು ಇನ್ನೂ ತಯಾರಾಗಿರಲಿಲ್ಲ, ಹಾಗಾಗಿ ಎಷ್ಟೋ ಕುಟುಂಬಗಳನ್ನು ಮೊದಲು ರೇಸ್‌ಕೋರ್ಸ್‌ಗಳಲ್ಲಿ ಇಟ್ಟರು. ನಿನ್ನೆ ಮೊನ್ನೆಯವರೆಗೆ ಕುದುರೆ ಕಟ್ಟುತ್ತಿದ್ದ ಲಾಯದಲ್ಲಿ, ಸುಣ್ಣ ಬಳಿದು.

ಫ್ರೆಡ್ ಕೊರೆಮಾಟ್ಸು ಆಗ 23ರ ಹುಡುಗ. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಹುಟ್ಟಿದವನು. ಹಡಗುಕಟ್ಟೆಯಲ್ಲಿ ವೆಲ್ಡರ್ ಆಗಿದ್ದ, ಜಪಾನಿ ರಕ್ತ ಅಂತ ಕೆಲಸ ಹೋಗಿತ್ತು. ಅಪ್ಪ ಅಮ್ಮ ತಮ್ಮ ಹೂವಿನ ನರ್ಸರಿ ಬಿಟ್ಟು ಹೊರಟರು. ಇವನು ಹೋಗಲಿಲ್ಲ. ಪ್ರೀತಿಸಿದ ಹುಡುಗಿ ಇದ್ದಳು. ಕಣ್ಣಿನ ಆಕಾರ ಬದಲಾಯಿಸಲು ಒಂದು ಆಪರೇಷನ್ ಮಾಡಿಸಿಕೊಂಡ, ಕಾರ್ಡಿನಲ್ಲಿ ಹೆಸರು ತಿದ್ದಿಕೊಂಡ. ಮೇ 30ರಂದು ಸ್ಯಾನ್ ಲಿಯಾಂಡ್ರೋದ ಒಂದು ಬೀದಿಯಲ್ಲಿ ಸಿಕ್ಕಿಬಿದ್ದ. ನಾಗರಿಕ ಹಕ್ಕುಗಳ ಸಂಘದ ವಕೀಲ ಅರ್ನೆಸ್ಟ್ ಬೆಸಿಗ್ ಜೈಲಿಗೆ ಬಂದು, ಕೇಸ್ ನಡೆಸೋಣವಾ ಅಂತ ಕೇಳಿದರು. ಹೂಂ ಅಂದ. ಜಾಮೀನು ಕಟ್ಟಿದ್ದಾಯಿತು. ಆದರೂ ಮಿಲಿಟರಿ ಪೊಲೀಸರು ಅವನನ್ನು ಹಿಡಿದು ಟ್ಯಾನ್‌ಫೊರಾನ್ ರೇಸ್‌ಕೋರ್ಸ್‌ಗೆ ಸಾಗಿಸಿದರು. ಆ ಕುದುರೆ ಲಾಯಕ್ಕಿಂತ ಜೈಲೇ ವಾಸಿ ಅನಿಸಿತು ಅಂತ ಆಮೇಲೆ ಅವನೇ ಹೇಳಿಕೊಂಡಿದ್ದಾನೆ.

1944ರ ಡಿಸೆಂಬರ್ 18ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಅವನ ವಿರುದ್ಧ ತೀರ್ಪು ಕೊಟ್ಟಿತು. ಒಪ್ಪದ ಮೂವರಲ್ಲಿ ನ್ಯಾಯಮೂರ್ತಿ ಮರ್ಫಿ, ಇದು ಜನಾಂಗದ್ವೇಷದ ಕೊಳಕು ಪ್ರಪಾತ ಅಂತ ಬರೆದರು. ನ್ಯಾಯಮೂರ್ತಿ ಜ್ಯಾಕ್ಸನ್ ಅವರ ಮಾತು ನನಗೆ ಇನ್ನೂ ಆಳವಾಗಿ ತಾಗಿದೆ. ಸೇನಾಪತಿಯ ಆದೇಶ ಯುದ್ಧದ ಜೊತೆ ಮುಗಿದುಹೋಗುತ್ತದೆ, ಆದರೆ ಕೋರ್ಟ್ ಅದನ್ನು ಸರಿ ಅಂದುಬಿಟ್ಟರೆ ಆ ತತ್ವ ಗುಂಡು ತುಂಬಿದ ಬಂದೂಕಿನ ಹಾಗೆ ಬಿದ್ದಿರುತ್ತದೆ, ಮುಂದೆ ಯಾರು ಬೇಕಾದರೂ ಕೈಗೆತ್ತಿಕೊಳ್ಳಬಹುದು ಅಂದರು ಅವರು.

ನಾನು ನಿಮಗೆ ಹೇಳಬೇಕೆಂದಿರುವುದು ಈ ತೀರ್ಪಿನ ಹಿಂದೆ ನಡೆದ ಒಂದು ಸಂಗತಿ.

ಕರಾವಳಿಯ ಜಪಾನಿ ಮೂಲದವರು ರೇಡಿಯೋ ಸಂದೇಶ ಕಳುಹಿಸುತ್ತಿದ್ದಾರೆ, ಸಮುದ್ರದಲ್ಲಿರುವ ಹಡಗುಗಳಿಗೆ ದೀಪ ತೋರಿಸುತ್ತಿದ್ದಾರೆ ಅಂತ ಡೆವಿಟ್ ಅವರ ವರದಿಯಲ್ಲಿತ್ತು. ನ್ಯಾಯ ಇಲಾಖೆಯ ಇಬ್ಬರು ವಕೀಲರು, ಎಡ್ವರ್ಡ್ ಎನಿಸ್ ಮತ್ತು ಜಾನ್ ಬರ್ಲಿಂಗ್, ಇದನ್ನು ಪರಿಶೀಲನೆಗೆ ಕಳುಹಿಸಿದರು. ಎಫ್‌ಬಿಐ ಅಂಥದ್ದೇನೂ ಇಲ್ಲ ಅಂದಿತು. ರೇಡಿಯೋ ಸಂಪರ್ಕ ನೋಡಿಕೊಳ್ಳುವ ಸಂಸ್ಥೆಯೂ ಅದನ್ನೇ ಹೇಳಿತು. ನೌಕಾಪಡೆಯ ಗುಪ್ತಚರ ಅಧಿಕಾರಿಯಂತೂ, ಒಬ್ಬೊಬ್ಬರನ್ನೇ ನೋಡಿ ತೀರ್ಮಾನಿಸಿ, ಇಡೀ ಜನಾಂಗವನ್ನು ಹಿಡಿಯಬೇಡಿ ಅಂತ ಮೊದಲೇ ಬರೆದಿದ್ದ. ವರದಿಯ ಈ ಭಾಗವನ್ನು ನಂಬಬೇಡಿ ಅಂತ ಸುಪ್ರೀಂ ಕೋರ್ಟಿಗೆ ತಿಳಿಸುವ ಒಂದು ಅಡಿಟಿಪ್ಪಣಿಯನ್ನು ಈ ವಕೀಲರು ಬರೆದರು. ಅಚ್ಚಿಗೂ ಹೋಯಿತು. ಯುದ್ಧ ಇಲಾಖೆ ತಕರಾರು ಮಾಡಿತು, ಅಚ್ಚು ನಿಂತಿತು, ಟಿಪ್ಪಣಿಯನ್ನು ಯಾರಿಗೂ ಏನೂ ಅರ್ಥವಾಗದ ಹಾಗೆ ತೆಳು ಮಾಡಿದರು. ನ್ಯಾಯಮೂರ್ತಿಗಳಿಗೆ ನಿಜ ಮುಟ್ಟಲೇ ಇಲ್ಲ.

ಇಷ್ಟೇ ಅಲ್ಲ. ಡೆವಿಟ್ ವರದಿಯ ಮೊದಲ ಪ್ರತಿಯಲ್ಲಿ, ಸಮಯ ಇತ್ತೋ ಇಲ್ಲವೋ ಅದು ಪ್ರಶ್ನೆಯೇ ಅಲ್ಲ, ಈ ಜನರಲ್ಲಿ ಕಾಳು ಯಾವುದು ಜೊಳ್ಳು ಯಾವುದು ಅಂತ ಬೇರೆ ಮಾಡಲು ಸಾಧ್ಯವೇ ಇಲ್ಲ ಎಂಬರ್ಥದ ಮಾತಿತ್ತು. ಕೋರ್ಟಿನಲ್ಲಿ ಇದು ನಿಲ್ಲುವುದಿಲ್ಲ ಅಂತ ಗೊತ್ತಾಗಿ, 'ವಿಚಾರಿಸಲು ಸಮಯ ಇರಲಿಲ್ಲ' ಅಂತ ತಿದ್ದಿ ಮತ್ತೆ ಅಚ್ಚು ಹಾಕಿದರು. ಹಳೆಯ ಪ್ರತಿಗಳನ್ನು ಸುಟ್ಟರು. ಒಂದು ಉಳಿಯಿತು. ಸುಮಾರು ನಲವತ್ತು ವರ್ಷದ ಮೇಲೆ, ವಾಷಿಂಗ್ಟನ್‌ನ ರಾಷ್ಟ್ರೀಯ ದಾಖಲೆಗಳ ಭಂಡಾರದಲ್ಲಿ, ಸಿಬ್ಬಂದಿಯೊಬ್ಬರ ಮೇಜಿನ ಮೇಲೆ ಅದು ಐಕೊ ಹರ್ಜಿಗ್-ಯೋಶಿನಾಗಾ ಎಂಬಾಕೆಯ ಕಣ್ಣಿಗೆ ಬಿತ್ತು. ಹೈಸ್ಕೂಲು ಮುಗಿಸುವ ಮುಂಚೆಯೇ ಮ್ಯಾಂಜನಾರ್ ಕ್ಯಾಂಪ್ ಸೇರಬೇಕಾಗಿ ಬಂದಿದ್ದ ಹೆಣ್ಣುಮಗಳು ಆಕೆ. ಪುಟದ ಅಂಚಿನಲ್ಲಿ ಕೈಬರಹದ ತಿದ್ದುಪಡಿಗಳು ಹಾಗೇ ಇದ್ದವು.

ಆ ದಾಖಲೆಗಳನ್ನು ಹಿಡಿದುಕೊಂಡೇ ವಕೀಲರು ಕೊರೆಮಾಟ್ಸು ಕೇಸನ್ನು ಮತ್ತೆ ತೆರೆಸಿದರು. 1983ರ ನವೆಂಬರ್ 10ರಂದು ಸ್ಯಾನ್‌ಫ್ರಾನ್ಸಿಸ್ಕೋದ ಜಡ್ಜ್ ಮರಿಲಿನ್ ಹಾಲ್ ಪಟೇಲ್ ಅವನ ಮೇಲಿದ್ದ ಅಪರಾಧವನ್ನು ಅಳಿಸಿಹಾಕಿದರು. ಪಶ್ಚಿಮ ಕರಾವಳಿಯ ಜಪಾನಿ ಮೂಲದವರಲ್ಲಿ ಒಬ್ಬರೂ ಬೇಹುಗಾರಿಕೆಯನ್ನಾಗಲಿ ವಿಧ್ವಂಸಕ ಕೃತ್ಯವನ್ನಾಗಲಿ ಮಾಡಿದ್ದಕ್ಕೆ ದಾಖಲೆ ಇಲ್ಲ ಅಂತ ಕಾಂಗ್ರೆಸ್ ನೇಮಿಸಿದ ಆಯೋಗ ಹೇಳಿತು. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ, ಬದುಕಿದ್ದ ಪ್ರತಿಯೊಬ್ಬರಿಗೂ 20,000 ಡಾಲರ್ ಕೊಡಲು ಒಪ್ಪಿತು. ಸುಪ್ರೀಂ ಕೋರ್ಟ್ ತನ್ನ ಹಳೆಯ ತೀರ್ಪನ್ನು, ಅದು ಬಂದ ದಿನವೇ ತಪ್ಪಾಗಿತ್ತು ಅಂತ ಬಾಯಿಬಿಟ್ಟು ಹೇಳಿದ್ದು 2018ರಲ್ಲಿ. ಅಷ್ಟರಲ್ಲಿ ಕೊರೆಮಾಟ್ಸು ತೀರಿಕೊಂಡು 13 ವರ್ಷ ಆಗಿತ್ತು.

ಹವಾಯಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಾಂಬ್ ಬಿದ್ದದ್ದೇ ಅಲ್ಲಿ. ಅಲ್ಲಿನ ಜನಸಂಖ್ಯೆಯಲ್ಲಿ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಜಪಾನಿ ಮೂಲದವರು. ಮಿಲಿಟರಿ ಆಡಳಿತ ಇತ್ತು, ಎಲ್ಲರಿಗೂ ಕಷ್ಟ ಇತ್ತು. ಆದರೆ ಇಡೀ ಸಮುದಾಯವನ್ನು ಎತ್ತಿ ಕ್ಯಾಂಪಿಗೆ ಹಾಕಲಿಲ್ಲ. ಅಷ್ಟು ಜನ ಕೆಲಸಗಾರರನ್ನು ತೆಗೆದರೆ ದ್ವೀಪವೇ ನಿಂತುಹೋಗುತ್ತಿತ್ತು. ಅಪಾಯ ಹತ್ತಿರ ಇದ್ದ ಕಡೆ ಆಗದ ಕೆಲಸ ದೂರದ ಕ್ಯಾಲಿಫೋರ್ನಿಯಾದಲ್ಲಿ ಆಯಿತು ಅಂದರೆ, ಕಾರಣ ಬರೀ ಯುದ್ಧ ಅಲ್ಲ, ಅಲ್ವಾ? ಅವರ ಹೊಲ, ತೋಟ, ಅಂಗಡಿಗಳ ಮೇಲೆ ಕಣ್ಣಿಟ್ಟವರು ಅಲ್ಲಿ ಬಹಳ ಇದ್ದರು.

ನಿಮ್ಮ ಮೊಮ್ಮಗನ ಪ್ರಶ್ನೆಗೆ ಇನ್ನೂ ಹತ್ತಿರದ ಕಥೆ ಮಿತ್ಸುಯೆ ಎಂಡೋ ಅವರದ್ದು. ಕ್ಯಾಲಿಫೋರ್ನಿಯಾ ಸರ್ಕಾರದ ಕಚೇರಿಯಲ್ಲಿ ಟೈಪಿಸ್ಟ್. ಅಣ್ಣನೋ ತಮ್ಮನೋ ಅಮೆರಿಕದ ಸೈನ್ಯದಲ್ಲಿದ್ದ. ಆಕೆ ಕ್ಯಾಂಪಿನೊಳಗಿಂದ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ನಾನು ನಿಷ್ಠಾವಂತ ಪ್ರಜೆ ಅಂತ ನೀವೇ ಒಪ್ಪುತ್ತೀರಿ, ಮತ್ತೆ ಯಾಕೆ ಇಟ್ಟುಕೊಂಡಿದ್ದೀರಿ? ಕರಾವಳಿಗೆ ವಾಪಸ್ ಬರುವುದಿಲ್ಲ ಅಂತ ಒಪ್ಪಿದರೆ ಬಿಟ್ಟುಬಿಡುತ್ತೇವೆ ಅಂದರು. ಬಿಡುಗಡೆಯಾದರೆ ಕೇಸ್ ಬಿದ್ದುಹೋಗುತ್ತದೆ ಅಂತ ಆಕೆಗೆ ಗೊತ್ತಿತ್ತು. ಬೇಡ ಅಂದು ಬೇಲಿಯೊಳಗೇ ಉಳಿದರು. ಕೊರೆಮಾಟ್ಸು ಸೋತ ಅದೇ ದಿನ ಎಂಡೋ ಗೆದ್ದರು. ನಿಷ್ಠೆಯಲ್ಲಿ ಸಂಶಯವಿಲ್ಲದ ಪ್ರಜೆಯನ್ನು ಕೂಡಿಹಾಕುವ ಅಧಿಕಾರ ಇಲ್ಲ ಅಂತ ಒಂಬತ್ತೂ ನ್ಯಾಯಮೂರ್ತಿಗಳು ಹೇಳಿದರು. ತೀರ್ಪಿನ ಹಿಂದಿನ ದಿನವೇ ಸೈನ್ಯ, ಕರಾವಳಿಗೆ ಬರಬಾರದೆಂಬ ನಿಷೇಧ ತೆಗೆಯುವುದಾಗಿ ಪ್ರಕಟಿಸಿತ್ತು. ಆಕೆಯ ಹೆಸರು ಕೊರೆಮಾಟ್ಸುವಿನಷ್ಟು ಯಾರಿಗೂ ಗೊತ್ತಿಲ್ಲ ಎಂಬುದು ನನ್ನ ಹಳೆಯ ನೋವು.

ಆಮೇಲೆ ಕಾನೂನು ಎಲ್ಲಿಗೆ ಬಂತು? 1952ರಲ್ಲಿ ಕೊರಿಯಾ ಯುದ್ಧ ನಡೆಯುತ್ತಿದ್ದಾಗ, ಮುಷ್ಕರ ಆದರೆ ಉಕ್ಕು ನಿಲ್ಲುತ್ತದೆ ಅಂತ ಅಧ್ಯಕ್ಷ ಟ್ರೂಮನ್ ಉಕ್ಕಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡರು. ಎರಡು ತಿಂಗಳೊಳಗೆ ಸುಪ್ರೀಂ ಕೋರ್ಟ್ ಅದು ಆಗದು ಅಂದಿತು, ಯುದ್ಧ ನಡೆಯುತ್ತಿರುವಾಗಲೇ. ಅದೇ ಜ್ಯಾಕ್ಸನ್ ಆ ತೀರ್ಪಿನಲ್ಲಿ ಹಾಕಿಕೊಟ್ಟ ಅಳತೆಗೋಲನ್ನು ಇವತ್ತಿಗೂ ಬಳಸುತ್ತಾರೆ. ಕಾಂಗ್ರೆಸ್ ಜೊತೆಗಿದ್ದರೆ ಅಧ್ಯಕ್ಷರ ಬಲ ಜಾಸ್ತಿ. ಕಾಂಗ್ರೆಸ್ ಸುಮ್ಮನಿದ್ದರೆ ಮಬ್ಬು. ಕಾಂಗ್ರೆಸ್ ಬೇಡ ಅಂದ ಕೆಲಸ ಮಾಡಿದರೆ ಬಲ ತೀರಾ ಕಡಿಮೆ.

1971ರಲ್ಲಿ ಕಾಂಗ್ರೆಸ್ ಒಂದೇ ವಾಕ್ಯದ ಕಾನೂನು ಮಾಡಿತು: ಕಾಂಗ್ರೆಸ್‌ನ ಕಾಯ್ದೆಯ ಆಧಾರ ಇಲ್ಲದೆ ಅಮೆರಿಕದ ಯಾವ ಪ್ರಜೆಯನ್ನೂ ಬಂಧನದಲ್ಲಿಡುವ ಹಾಗಿಲ್ಲ. ಕ್ಯಾಂಪ್ ಕಂಡ ಜಪಾನಿ ಮೂಲದವರೇ ಓಡಾಡಿ ತಂದ ಬದಲಾವಣೆ ಅದು. ನಿಮ್ಮ ಮೊಮ್ಮಗನ ಬೆನ್ನಿಗಿರುವ ನೇರ ರಕ್ಷಣೆ ಇದೇ.

ಗಟ್ಟಿಯಾದ ರಕ್ಷಣೆಯೇ, ಆದರೂ ಅದರಲ್ಲಿ ಬಿರುಕು ಇದೆ. 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಯಾಸರ್ ಹಮ್ದಿ ಎಂಬ ಪ್ರಜೆಯನ್ನು ಅಫ್ಘಾನಿಸ್ತಾನದಲ್ಲಿ ಹಿಡಿದು ನೌಕಾಪಡೆಯ ಜೈಲಿನಲ್ಲಿಟ್ಟರು. ಲೂಸಿಯಾನಾದಲ್ಲಿ ಹುಟ್ಟಿದವನು, ಬೆಳೆದದ್ದು ಸೌದಿಯಲ್ಲಿ. ಯುದ್ಧಕ್ಕೆ ಕಾಂಗ್ರೆಸ್ ಕೊಟ್ಟ ಒಪ್ಪಿಗೆಯೇ ಬಂಧನಕ್ಕೂ ಆಧಾರ ಅಂತ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಜೊತೆಗೇ, ಆರೋಪ ಏನು ಅಂತ ತಿಳಿಸಬೇಕು, ತಟಸ್ಥ ವ್ಯಕ್ತಿಯ ಮುಂದೆ ಅದನ್ನು ಅಲ್ಲಗಳೆಯಲು ಅವಕಾಶ ಕೊಡಬೇಕು ಅಂತಲೂ ಹೇಳಿತು. ಯುದ್ಧ ಅಂದರೆ ಅಧ್ಯಕ್ಷರ ಕೈಗೆ ಕೊಟ್ಟ ಖಾಲಿ ಚೆಕ್ ಅಲ್ಲ ಅಂತ ನ್ಯಾಯಮೂರ್ತಿ ಸ್ಯಾಂಡ್ರಾ ಡೇ ಓಕಾನರ್ ಬರೆದದ್ದು ಇದೇ ತೀರ್ಪಿನಲ್ಲಿ. ಕೆಲವೇ ತಿಂಗಳಲ್ಲಿ, ಪೌರತ್ವ ಬಿಟ್ಟುಕೊಡುವ ಷರತ್ತಿನ ಮೇಲೆ ಹಮ್ದಿ ಸೌದಿಗೆ ಹೋದ.

ಹೊಸೆ ಪಡಿಯಾ ಎಂಬ ಇನ್ನೊಬ್ಬ ಪ್ರಜೆಯನ್ನು ಹಿಡಿದದ್ದು ಶಿಕಾಗೋ ವಿಮಾನ ನಿಲ್ದಾಣದಲ್ಲಿ. ಮೂರೂವರೆ ವರ್ಷ ಮಿಲಿಟರಿ ಜೈಲಿನಲ್ಲಿ, ಆರೋಪಪಟ್ಟಿ ಇಲ್ಲದೆ. ಅವನನ್ನು ನ್ಯೂಯಾರ್ಕ್‌ನಿಂದ ಸೌತ್ ಕ್ಯಾರೊಲಿನಾಕ್ಕೆ ಸಾಗಿಸಿದ್ದರು. ವಕೀಲರ ಅರ್ಜಿ ನ್ಯೂಯಾರ್ಕ್‌ನಲ್ಲಿತ್ತು. ತಪ್ಪು ಊರಿನ ಕೋರ್ಟಿಗೆ ಬಂದಿದ್ದೀರಿ ಅಂತ ಸುಪ್ರೀಂ ಕೋರ್ಟ್ 5-4ರಲ್ಲಿ ಅದನ್ನು ತಳ್ಳಿತು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬೇಕಾಗುತ್ತದೆ.

ಈಗ ಮಗಳು, ಅಳಿಯನ ವಿಷಯ. ಪ್ರಜೆಗಳಲ್ಲದವರಿಗೂ ಹೇಬಿಯಸ್ ಕಾರ್ಪಸ್ ಇದೆ. ಕ್ಯೂಬಾದಲ್ಲಿರುವ ಅಮೆರಿಕದ ಸೇನಾ ಜೈಲು ಗ್ವಾಂಟಾನಾಮೋದಲ್ಲಿ ಆರು ವರ್ಷ ಇಟ್ಟಿದ್ದ ವಿದೇಶಿಯರಿಗೂ ಈ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ನ್ಯೂಜೆರ್ಸಿಯಲ್ಲಿ ಕಾನೂನುಬದ್ಧವಾಗಿ ಬದುಕುತ್ತಿರುವವರಿಗೆ ಇಲ್ಲ ಅನ್ನಲಾಗದು.

ಆದರೆ 1798ರ ಒಂದು ಕಾಯ್ದೆ ಇನ್ನೂ ಜೀವಂತವಾಗಿದೆ. ಶತ್ರುದೇಶದ ವಿದೇಶಿಯರ ಕಾಯ್ದೆ. ಘೋಷಿತ ಯುದ್ಧ ಇದ್ದಾಗ, ಅಥವಾ ವಿದೇಶಿ ಸರ್ಕಾರವೊಂದು ದಾಳಿ ಮಾಡಿದಾಗ, ಆ ದೇಶದವರಾಗಿದ್ದು ಅಮೆರಿಕದ ಪೌರತ್ವ ಪಡೆಯದ, 14 ವರ್ಷ ದಾಟಿದ ಯಾರನ್ನೂ ಅಧ್ಯಕ್ಷರು ಬಂಧಿಸಬಹುದು, ಹೊರಹಾಕಬಹುದು. 'ಆ ದೇಶದವರು' ಎಂಬುದನ್ನು ಗಮನಿಸಿ. ಅಮೆರಿಕಕ್ಕೆ ಬೇರೆ ಯಾವುದೋ ದೇಶದ ಜೊತೆ ಯುದ್ಧ ಬಂದರೆ ಭಾರತದವರನ್ನು ಇದರ ಕೆಳಗೆ ಹಿಡಿಯಲು ಬರುವುದಿಲ್ಲ. 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್, ವೆನೆಜುವೆಲಾದ ಒಂದು ಅಪರಾಧಿ ಗುಂಪು ನಡೆಸುತ್ತಿರುವುದೇ ದಾಳಿ ಅಂತ ಹೇಳಿ ಈ ಕಾಯ್ದೆ ಬಳಸಿದರು. ಯುದ್ಧವೇ ಇರಲಿಲ್ಲ. ನೂರಕ್ಕೂ ಜಾಸ್ತಿ ಜನರನ್ನು ವಿಚಾರಣೆ ಇಲ್ಲದೆ ಎಲ್ ಸಾಲ್ವಡಾರ್‌ನ ಜೈಲಿಗೆ ವಿಮಾನದಲ್ಲಿ ಕಳುಹಿಸಿದರು. ಏಪ್ರಿಲ್ 7ರಂದು ಸುಪ್ರೀಂ ಕೋರ್ಟ್, ಇವರಿಗೆ ಮೊದಲೇ ತಿಳಿಸಬೇಕು, ಪ್ರಶ್ನಿಸಲು ಸಮಯ ಕೊಡಬೇಕು ಅಂದಿತು. ಪ್ರಶ್ನಿಸಬೇಕಾದದ್ದು ಹೇಬಿಯಸ್ ಕಾರ್ಪಸ್ ಮೂಲಕ, ಅದೂ ಅವರನ್ನು ಇಟ್ಟಿರುವ ಜಿಲ್ಲೆಯ ಕೋರ್ಟಿನಲ್ಲೇ ಅಂತಲೂ ಹೇಳಿತು.

ನಾವೇನು ಕಡಿಮೆ ಇಲ್ಲ. 1962ರಲ್ಲಿ ಚೀನಾ ಯುದ್ಧದ ಹೊತ್ತಿಗೆ ಚೀನೀ ಮೂಲದ ಕುಟುಂಬಗಳನ್ನು ಅಸ್ಸಾಂ, ಡಾರ್ಜಿಲಿಂಗ್ ಕಡೆಯಿಂದ ರೈಲಿನಲ್ಲಿ ತಂದು ರಾಜಸ್ಥಾನದ ದೇವ್‌ಲಿ ಕ್ಯಾಂಪಿನಲ್ಲಿಟ್ಟೆವು. 1975ರ ಜೂನ್‌ನಲ್ಲಿ ವಾಜಪೇಯಿ, ಅಡ್ವಾಣಿ ಅವರನ್ನು ಬೆಂಗಳೂರಿನಲ್ಲೇ ಬಂಧಿಸಿ ಸೆಂಟ್ರಲ್ ಜೈಲಿಗೆ ಹಾಕಿದರು. ಇವತ್ತಿನ ಫ್ರೀಡಂ ಪಾರ್ಕ್ ಇರುವ ಜಾಗ ಅದು. ಅವರು ಕರ್ನಾಟಕ ಹೈಕೋರ್ಟಿಗೆ ಹಾಕಿದ್ದೂ ಹೇಬಿಯಸ್ ಕಾರ್ಪಸ್ ಅರ್ಜಿಯೇ. ಅರ್ಜಿ ಕೇಳುತ್ತೇವೆ ಅಂದ ಹೈಕೋರ್ಟುಗಳಲ್ಲಿ ನಮ್ಮದೂ ಒಂದು. 1976ರ ಏಪ್ರಿಲ್ 28ರಂದು ನಮ್ಮ ಸುಪ್ರೀಂ ಕೋರ್ಟ್ 4-1ರಲ್ಲಿ ಆ ಬಾಗಿಲು ಮುಚ್ಚಿತು, ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಬ್ಬರೇ ಬೇರೆ ನಿಂತರು. ಅದನ್ನು ತಪ್ಪು ಅಂತ ಅಳಿಸಿದ್ದು 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಕೇಸಿನಲ್ಲಿ. ನಮಗೂ 41 ವರ್ಷ ಬೇಕಾಯಿತು.

ಹಾಗಾದರೆ ಕಾಗದ ಉಪಯೋಗಕ್ಕೆ ಬರುತ್ತಾ? ಬರುತ್ತದೆ, ಯಾರಾದರೂ ಅದನ್ನು ಹಿಡಿದುಕೊಂಡು ಹೊತ್ತಿಗೆ ಸರಿಯಾಗಿ, ಸರಿಯಾದ ಕೋರ್ಟಿಗೆ ಹೋದರೆ. ಒಳಗಿರುವವರೇ ಹೋಗಬೇಕೆಂದಿಲ್ಲ. ಹಮ್ದಿಯ ಕೇಸ್ ಹಾಕಿದ್ದು ಅವನ ಅಪ್ಪ, ಸೌದಿಯಲ್ಲಿ ವಾಸವಿದ್ದವರು. ಮಗನನ್ನು ನೋಡಲು, ಮಾತಾಡಲು ಬಿಟ್ಟಿರಲಿಲ್ಲ. ಆದರೂ ಅವನ ಪರವಾಗಿ ಅರ್ಜಿ ಹಾಕಲು ಕಾನೂನು ಬಿಟ್ಟಿತು.

ನಾಳೆಯೇ ಏನೋ ಆಗುತ್ತದೆ ಅಂತ ನಾನು ಹೇಳುತ್ತಿಲ್ಲ, ದಯವಿಟ್ಟು ನಿದ್ದೆ ಕೆಡಿಸಿಕೊಳ್ಳಬೇಡಿ. ಮುಂದಿನ ಸಲ ಮಗಳು ಫೋನ್ ಮಾಡಿದಾಗ ಎರಡು ಮಾತು ಹೇಳಿ. ಅಲ್ಲಿನ ವಲಸೆ ವಕೀಲರೊಬ್ಬರ ಹೆಸರು, ನಂಬರ್ ಬರೆದಿಟ್ಟುಕೊಂಡಿರಲಿ, ಬರೀ ಮೊಬೈಲಿನಲ್ಲಲ್ಲ, ಕಾಗದದ ಮೇಲೂ. ಯಾರಿಗಾದರೂ ಹೆಚ್ಚುಕಮ್ಮಿ ಆದರೆ ಮನೆಯವರು ಮೊದಲು ಕೇಳಬೇಕಾದ್ದು 'ಎಲ್ಲಿಟ್ಟಿದ್ದಾರೆ?' ಅಂತ. ಪಡಿಯಾನ ಕೇಸ್ ಎಡವಿದ್ದು ಅಲ್ಲೇ. ಅವರಿಬ್ಬರ ಪಾಸ್‌ಪೋರ್ಟ್, ವೀಸಾ, ಐ-94 (ಅಮೆರಿಕಕ್ಕೆ ಬಂದ ದಾಖಲೆ) ಪ್ರತಿಗಳನ್ನು ಕಳುಹಿಸಲು ಹೇಳಿ. ಮೊಮ್ಮಗನ ಜನನ ಪ್ರಮಾಣಪತ್ರದ ಪ್ರತಿಯೂ ಒಂದು ಬರಲಿ, ಹಾಸನದ ಮನೆಯ ಬೀರುವಿನಲ್ಲಿ ನಿಮ್ಮ ಕಾಗದಪತ್ರಗಳ ಜೊತೆ ಇಟ್ಟುಕೊಳ್ಳಿ.